ನೋ ಕಾಸ್ಟ್ ಇಎಂಐ ಅಂತ ಕೋರ್ಸ್ ಸೇರೋ ಮುಂಚೆ ಇದನ್ನ ಓದಿ. ಅದು ಕಂತಲ್ಲ, ಸಾಲ

ಕೆಲಸ ಮಾಡ್ಕೊಂಡು ಓದ್ಬೇಕು ಅಂತಿರೋರು, ಅದ್ರಲ್ಲೂ ನನ್ನ ಥರ ಮದುವೆ ಮಕ್ಕಳು ಎಲ್ಲಾ ಆದ್ಮೇಲೆ ಮತ್ತೆ ಪುಸ್ತಕ ಹಿಡಿಯೋರು, ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗ್ತಿದೆ, ತವರು ಮನೇಲಿ ಇನ್ನೂ ಹೇಳಿಲ್ಲ. ಆದ್ರೂ ಬರೀತಿದೀನಿ, ಯಾಕಂದ್ರೆ ಮೊನ್ನೆ ನಮ್ಮ ಸ್ಕೂಲಲ್ಲೇ ಇನ್ನೊಬ್ರು ಟೀಚರ್‌ಗೆ ಅದೇ ಥರ ಕಾಲ್ ಬಂದಿದೆ, ಅದೇ ಮಾತು, ಅದೇ "ಅಕ್ಕಾ ಅಕ್ಕಾ".

ನಂಗೆ 41. ತುಮಕೂರಲ್ಲಿ ಒಂದು ಪ್ರೈವೇಟ್ ಸ್ಕೂಲಿನ ಫೀಸ್ ಕೌಂಟರಲ್ಲಿ ಕೂರ್ತೀನಿ, ಸಂಬಳ 16,500. ಯಜಮಾನ್ರದ್ದು ಗೂಡ್ಸ್ ಆಟೋ. ಮಗಳು ಸೆಕೆಂಡ್ ಪಿಯುಸಿ. ಬಿಕಾಂ ಮುಗಿಸಿ ಹದಿನೆಂಟು ವರ್ಷ ಆಗಿತ್ತು, ಆಡ್ಮಿನಿಸ್ಟ್ರೇಟರ್ ಪೋಸ್ಟಿಗೆ ಪಿಜಿ ಬೇಕು ಅಂತ ಮ್ಯಾನೇಜ್‌ಮೆಂಟ್‌ನೋರು ಅಂದಿದ್ದಕ್ಕೆ ಎಂಬಿಎ ಮಾಡೋಣ ಅಂತ ಮನಸಿಗೆ ಬಂತು. ಮೈಸೂರಿನ ಮುಕ್ತ ವಿವಿ ಇದೆಯಲ್ಲ ಅಂತ ನೀವು ಕೇಳ್ಬಹುದು. ಇದೆ. ಆದ್ರೆ ನನ್ನ ತಮ್ಮ ಅಲ್ಲಿ ಓದ್ತಿದ್ದಾಗ್ಲೇ ಯುಜಿಸಿ ಮಾನ್ಯತೆ ಗಲಾಟೆ ಶುರುವಾಗಿ ಅವನ ಸರ್ಟಿಫಿಕೇಟ್ ಹಿಡ್ಕೊಂಡು ವರ್ಷಗಟ್ಲೆ ಅಲೆದಿದ್ದ, ಆ ಭಯ ನಮ್ಮ ಮನೇಲಿ ಹಂಗೇ ಉಳ್ಕೊಂಡಿತ್ತು. 2018ರಲ್ಲೇ ಮತ್ತೆ ಮಾನ್ಯತೆ ಬಂದಿದೆ, ಅದನ್ನ ನಾನು ವಿಚಾರಿಸ್ಲೇ ಇಲ್ಲ. ವಿಚಾರಿಸಿದ್ರೆ ಈ ಬರಹಾನೇ ಇರ್ತಿರ್ಲಿಲ್ಲ.

ಹೋದ ವರ್ಷ ಜೂನಲ್ಲಿ ಫೋನಲ್ಲಿ ಒಂದು ಜಾಹೀರಾತು ನೋಡಿ ನಂಬರ್ ಹಾಕ್ದೆ. ಹತ್ತು ನಿಮಿಷಕ್ಕೆ ಕಾಲ್. ಅಕಾಡೆಮಿಕ್ ಕೌನ್ಸೆಲರ್ ಅಂತೆ, ನಮ್ಮ ಕಡೆ ಕನ್ನಡ, ಊರು ಕೇಳಿ "ಅಯ್ಯೋ ನಮ್ಮಜ್ಜಿ ಊರು ಗುಬ್ಬಿ ಅಕ್ಕಾ" ಅಂದ. ಮೂರು ವಾರ ದಿನ ಬಿಟ್ಟು ದಿನ ಕಾಲ್ ಮಾಡ್ದ. "ನಿಮ್ಮ ತಮ್ಮ ಅಂದ್ಕೊಳ್ಳಿ ಅಕ್ಕಾ, ನಲವತ್ತಾದ್ಮೇಲೆ ಓದ್ತೀನಿ ಅನ್ನೋ ಹೆಂಗಸರನ್ನ ಕಂಡ್ರೆ ನಂಗೆ ಕೈ ಮುಗಿಬೇಕು ಅನ್ಸತ್ತೆ" ಅಂದ. ಆ ಮಾತಿಗೆ ನಾನು ಸೋತೆ, ಸುಳ್ಳು ಹೇಳಲ್ಲ. ಹದಿನೆಂಟು ವರ್ಷದಲ್ಲಿ ನೀನು ಓದು ಅಂತ ಒಬ್ರೂ ಹೇಳಿರ್ಲಿಲ್ಲ ನಂಗೆ.

ಯೂನಿವರ್ಸಿಟಿ ಬೇರೆ ರಾಜ್ಯದ್ದು, ಅದು ನಿಜವಾದ್ದೇ, ಯುಜಿಸಿ ಪಟ್ಟಿಯಲ್ಲಿ ಹೆಸರಿತ್ತು, ಆನ್‌ಲೈನ್ ಕೋರ್ಸಿಗೆ ಬೇಕಾದ ಎಬಿಸಿ ಐಡಿ, ಡಿಇಬಿ ಐಡಿ ಎಲ್ಲಾ ಮಾಡಿಸ್ಕೊಂಡ್ರು. ಯೂನಿವರ್ಸಿಟಿ ಸರಿ ಇದ್ಮೇಲೆ ದುಡ್ಡಿನ ವ್ಯವಹಾರನೂ ಸರಿ ಇರತ್ತೆ ಅಂದ್ಕೊಂಡೆ. ಇಲ್ಲೇ ನಾನು ತಪ್ಪಿದ್ದು. ಕಾಲ್ ಮಾಡ್ತಿದ್ದೋನು ಯೂನಿವರ್ಸಿಟಿಯೋನಲ್ಲ, ಮಧ್ಯದಲ್ಲಿ ಅಡ್ಮಿಷನ್ ಮಾಡಿಸೋ ಕಂಪನಿಯೋನು. ಫೀಸು 1,50,000. ಒಟ್ಟಿಗೆ ಕಟ್ಟಿದ್ರೆ 18,000 ಡಿಸ್ಕೌಂಟ್, 1,32,000. ನಮ್ಮತ್ರ ಅಷ್ಟು ಎಲ್ಲಿ? "ಹಂಗಾದ್ರೆ ನೋ ಕಾಸ್ಟ್ ಇಎಂಐ ಅಕ್ಕಾ, ತಿಂಗಳಿಗೆ 6,250, 24 ತಿಂಗಳು, ಒಂದು ರೂಪಾಯಿ ಬಡ್ಡಿ ಇಲ್ಲ."

ನಾನು ಕೇಳಿದೀನಿ, ಬಾಯಿ ಬಿಟ್ಟು ಕೇಳಿದೀನಿ, "ಇದು ಲೋನಾ?" ಅಂತ.

"ಲೋನ್ ಅಲ್ಲಕ್ಕಾ, ಕಂತು ಅಷ್ಟೆ. ನಿಮ್ಮ ಸ್ಕೂಲಲ್ಲಿ ಪೇರೆಂಟ್ಸ್ ಟರ್ಮ್ ಟರ್ಮ್‌ಗೆ ಕಟ್ಟಲ್ವಾ, ಹಂಗೇ. ಮಧ್ಯದಲ್ಲಿ ಬಿಟ್ರೆ ಕಂತು ನಿಲ್ಲತ್ತೆ."

ಈ ಕೊನೆ ಮಾತು ನೆನಪಿಟ್ಕೊಳ್ಳಿ. ಮಧ್ಯದಲ್ಲಿ ಬಿಟ್ರೆ ಕಂತು ನಿಲ್ಲತ್ತೆ. ಕಾಲಲ್ಲಿ ಹೇಳಿದ್ದು, ಮೆಸೇಜಲ್ಲಿ ಎಲ್ಲೂ ಬರೆದಿಲ್ಲ. ನನ್ನ ಫೋನಲ್ಲಿ ರೆಕಾರ್ಡಿಂಗ್ ಇಲ್ಲ.

ಸಹಿ ಆಗಿದ್ದು ಜುಲೈ ಒಂದು ಸಂಜೆ ಅಡುಗೆಮನೇಲಿ. ಒಲೆ ಮೇಲೆ ಕುಕ್ಕರ್ ಇತ್ತು. "ಇವತ್ತು ರಾತ್ರಿ ಹತ್ತಕ್ಕೆ ಸೀಟ್ ಕ್ಲೋಸ್ ಅಕ್ಕಾ, ಐದು ನಿಮಿಷದ ಕೆಲಸ" ಅಂತ ಒಂದೇ ಅರ್ಜೆಂಟು. ವಿಡಿಯೋ ಕೆವೈಸಿ ಅಂತ ಲಿಂಕ್ ಬಂತು. ಪ್ಯಾನ್ ಕಾರ್ಡ್ ಮುಖದ ಪಕ್ಕ ಹಿಡ್ಕೊಂಡೆ, ಬೆಳಕು ಸಾಲ್ದು ಅಂತ ಟ್ಯೂಬ್‌ಲೈಟ್ ಕೆಳಗೆ ಬಂದೆ, ಮಗಳು ಫೋನ್ ಹಿಡ್ಕೊಂಡ್ಳು. ಇನ್ನೊಂದು ಫೋನಲ್ಲಿ ಅವನು ಲೈನಲ್ಲೇ ಇದ್ದ, "ಯೆಸ್ ಅನ್ನಿ ಅಕ್ಕಾ, ಅಗ್ರೀ ಒತ್ತಿ, ಒಟಿಪಿ ಹಾಕಿ, ಇನ್ನೊಂದು ಬರತ್ತೆ ಅದನ್ನೂ ಹಾಕಿ". ಮೂರೋ ನಾಲ್ಕೋ ಒಟಿಪಿ ಹಾಕ್ದೆ. ಯಾವುದು ಯಾತಕ್ಕೆ ಗೊತ್ತಿಲ್ಲ. ಈಗ ಗೊತ್ತು, ಒಂದು ಸಾಲದ ಅಗ್ರಿಮೆಂಟಿಗೆ, ಒಂದು ನನ್ನ ಸಂಬಳದ ಅಕೌಂಟಿಂದ ತಾನೇ ದುಡ್ಡು ಎಳ್ಕೊಳ್ಳೋ ಇ-ಮ್ಯಾಂಡೇಟಿಗೆ. ದಿನಾ ಅರವತ್ತು ಎಪ್ಪತ್ತು ರಸೀದಿ ಬರೀತೀನಿ ನಾನು, ಒಂದು ರೂಪಾಯಿ ಆಚೆ ಈಚೆ ಆದ್ರೆ ಮನೆಗೆ ಹೋಗಲ್ಲ. ಅಂಥೋಳು ನನ್ನ ಸ್ವಂತ ದುಡ್ಡಿನ ಕಾಗದ ಓದ್ಲಿಲ್ಲ. ಇದು ನಂಗೆ ಇನ್ನೂ ಜೀರ್ಣ ಆಗಿಲ್ಲ.

ಆಗಸ್ಟ್ 5ನೇ ತಾರೀಖು ಕೌಂಟರಲ್ಲಿ ಕೂತಿದ್ದಾಗ ಎಸ್ಎಂಎಸ್. 6,250 ಡೆಬಿಟ್, ಹೆಸರು ನೋಡಿದ್ರೆ ಯೂನಿವರ್ಸಿಟಿದಲ್ಲ, ಆ ಕಂಪನಿದೂ ಅಲ್ಲ, ಎಂದೂ ಕೇಳದೇ ಇರೋ ಒಂದು ಫೈನಾನ್ಸ್. ಅವನಿಗೆ ಮೆಸೇಜ್ ಮಾಡ್ದೆ. "ನಮ್ಮ ಪೇಮೆಂಟ್ ಪಾರ್ಟ್ನರ್ ಅಕ್ಕಾ, ಡೋಂಟ್ ವರಿ" ಅಂದ. ಡೋಂಟ್ ವರಿ ಅಂದ, ನಾನೂ ವರಿ ಮಾಡ್ಲಿಲ್ಲ. ಐದು ತಿಂಗಳು ಕಟ್ಟಿದೆ, ರಾತ್ರಿ ಪಾತ್ರೆ ತೊಳೆದು ಕ್ಲಾಸ್ ಕೇಳಿದೆ, ಮೊದಲ ಸೆಮಿಸ್ಟರ್ ಪರೀಕ್ಷೆನೂ ಬರೆದೆ.

ಡಿಸೆಂಬರ್ ಕೊನೇಲಿ ಯಜಮಾನ್ರಿಗೆ ಆಕ್ಸಿಡೆಂಟ್ ಆಯ್ತು, ಕಾಲು ಮುರೀತು, ಗಾಡಿ ನಿಂತೋಯ್ತು. ಆಸ್ಪತ್ರೆಗೆ ಇದ್ದಬದ್ದದ್ದೆಲ್ಲಾ ಹಾಕಿದ್ವಿ. ಜನವರಿ 5ಕ್ಕೆ ಅಕೌಂಟಲ್ಲಿ ದುಡ್ಡಿರ್ಲಿಲ್ಲ. ಬೌನ್ಸ್. ಬ್ಯಾಂಕ್‌ನೋರು 590 ಹಿಡ್ಕೊಂಡ್ರು, ಆ ಫೈನಾನ್ಸ್‌ನೋರು 590 ಹಾಕಿದ್ರು. ಮರುದಿನ ಬೆಳಗ್ಗೆ ಏಳೂಕಾಲಿಗೇ ಕಾಲ್, ಗಂಡಸಿನ ದನಿ, "ಯಾವಾಗ ಕಟ್ತೀರಾ?" ಅಂತ. ಅಷ್ಟೇ ಆಗಿದ್ರೆ ಸಹಿಸ್ಕೋತಿದ್ದೆ. ರೆಫರೆನ್ಸ್ ಅಂತ ನಮ್ಮ ಎಚ್ಎಂ ಮೇಡಂ ನಂಬರ್ ಕೊಟ್ಟಿದ್ದೆ, ಅವ್ರಿಗೂ ಕಾಲ್ ಮಾಡಿದಾರೆ. ಸ್ಟಾಫ್ ರೂಮಲ್ಲಿ ಎಲ್ಲರ ಎದುರು ಮೇಡಂ ಕೇಳಿದ್ರು, "ಏನಮ್ಮಾ, ಸಾಲ ಮಾಡ್ಕೊಂಡಿದ್ದೀಯಂತೆ?" ಭೂಮಿ ಬಾಯಿ ಬಿಡಬಾರದಾ ಅನ್ನಿಸ್ತು. ಆಮೇಲೆ ಗೊತ್ತಾಯ್ತು, ಬೆಳಗ್ಗೆ ಎಂಟರ ಮುಂಚೆ ಸಂಜೆ ಏಳರ ನಂತರ ವಸೂಲಿಗೆ ಕಾಲ್ ಮಾಡೋ ಹಾಗಿಲ್ಲ, ಮನೆಯವರಿಗೆ, ರೆಫರೆನ್ಸ್ ಕೊಟ್ಟೋರಿಗೆ ಕಾಟ ಕೊಡೋ ಹಾಗಿಲ್ಲ ಅಂತ ಆರ್‌ಬಿಐ 2022ರಲ್ಲೇ ಹೇಳಿದೆ. ಗೊತ್ತಿದ್ರೆ ಅವತ್ತೇ ಬಾಯಿ ಮಾಡ್ತಿದ್ದೆ.

ಚೀಟಿ ದುಡ್ಡು ಎತ್ತಿ ಜನವರಿ ಕಂತು ಕಟ್ಟಿ, ಕೋರ್ಸ್ ನಿಲ್ಲಿಸ್ತೀನಿ, ಆಗಲ್ಲ ನಂಗೆ, ಕಂತು ನಿಲ್ಲಿಸಿ ಅಂತ ಅವನಿಗೆ ಹೇಳಿದೆ. ಅಲ್ಲಿಗೆ ಅಕ್ಕ ಹೋಯ್ತು.

"ಮೇಡಂ, ಕೋರ್ಸ್ ಬಿಡೋದು ನಿಮ್ಮಿಷ್ಟ. ಲೋನ್ ನಿಮ್ಮ ಮತ್ತು ಫೈನಾನ್ಸ್ ಪಾರ್ಟ್ನರ್ ಮಧ್ಯದ ವಿಷಯ."

ಲೋನ್! ಅವನ ಬಾಯಿಂದ ಮೊದಲನೇ ಸಲ ಆ ಪದ ಬಂತು. ಲೋನ್ ಅಲ್ಲ ಅಂದಿದ್ರಲ್ಲ ಅಂತ ಬರೆದೆ. ನೀಲಿ ಟಿಕ್ ಬಂತು, ಉತ್ತರ ಇಲ್ಲ. ಮತ್ತೆ ಬರೆದೆ. ಇಲ್ಲ. ಆಮೇಲೆ ಕಂಪನಿಯಿಂದ ಮೇಲ್, "ಡಿಯರ್ ಲರ್ನರ್, ಸೇರಿದ 15 ದಿನದೊಳಗೆ ಮಾತ್ರ ರೀಫಂಡ್, ನಿಮ್ಮ ಅವಧಿ ಮೀರಿದೆ". ಫೈನಾನ್ಸ್‌ಗೆ ಕಾಲ್ ಮಾಡಿದ್ರೆ "ನಿಮ್ಮ ಕೋರ್ಸಿಗೂ ನಮಗೂ ಸಂಬಂಧ ಇಲ್ಲ ಮೇಡಂ, ನೀವು ಸಾಲ ತಗೊಂಡಿದೀರ, ಪೂರ್ತಿ ದುಡ್ಡು ಅವ್ರಿಗೆ ಕೊಟ್ಟಾಗಿದೆ". ಇವ್ರನ್ನ ಕೇಳಿದ್ರೆ ಅವ್ರನ್ನ ಕೇಳಿ, ಅವ್ರನ್ನ ಕೇಳಿದ್ರೆ ಇವ್ರನ್ನ ಕೇಳಿ. ಒಂದು ತಿಂಗಳು ಇದೇ ಆಯ್ತು. ಕ್ಲೋಸ್ ಮಾಡಿ ಬಿಡ್ತೀನಿ ಎಷ್ಟು ಹೇಳಿ ಅಂದ್ರೆ ಫೋರ್‌ಕ್ಲೋಷರ್ ಚಾರ್ಜ್ ಸೇರಿ 1,06,000 ಚಿಲ್ಲರೆ ಅಂತೆ. ನನ್ನತ್ರ ಇರೋದು ಎರಡು ಬಳೆ.

ಅವಾಗ ಕೂತು ಸಾಲದ ಅಗ್ರಿಮೆಂಟ್ ಬಂದಿದ್ದ ಮೇಲ್ ಹುಡುಕಿದೆ. ಜುಲೈನಲ್ಲಿ ಬಂದಿದ್ದು, 11 ಪುಟ, ಪೂರ್ತಿ ಇಂಗ್ಲಿಷು. ಅದ್ರಲ್ಲಿ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ಅಂತ ಸಾಲದ ಮುಖ್ಯ ವಿವರ ಬರೆದಿರೋ ಒಂದು ಪುಟ ಇರತ್ತೆ, ಅದನ್ನ ಕೊಡ್ಲೇಬೇಕು ಅಂತ ಆರ್‌ಬಿಐ ರೂಲು. ಮಗಳು ಓದಿ ಹೇಳ್ತಾ ಹೋದ್ಲು, ನಾನು ರಸೀದಿ ಪುಸ್ತಕದ ಹಿಂದೆ ಬರ್ಕೊಂಡೆ. ಸಾಲದ ಮೊತ್ತ 1,32,000. ನಾನು ವಾಪಸ್ ಕಟ್ಟೋದು 1,50,000. ಜೊತೆಗೆ ಪ್ರೊಸೆಸಿಂಗ್ ಫೀ 2,360. ವಾರ್ಷಿಕ ದರ ಎಲ್ಲಾ ಸೇರಿ ಶೇ 14ಕ್ಕೂ ಮೇಲೆ. ಅಂದ್ರೆ ಆ 18,000 ಡಿಸ್ಕೌಂಟ್ ಅಂದಿದ್ರಲ್ಲ, ಅದೇ ಬಡ್ಡಿ. ಒಟ್ಟಿಗೆ ಕಟ್ಟೋರಿಗೆ ಅದು ಡಿಸ್ಕೌಂಟು, ಕಂತಲ್ಲಿ ಕಟ್ಟೋ ನಮ್ಮಂಥೋರಿಗೆ ಅದೇ ಬಡ್ಡಿ, ಹೆಸರು ಮಾತ್ರ ನೋ ಕಾಸ್ಟ್. ಶೂನ್ಯ ಬಡ್ಡಿ ಅನ್ನೋದೇ ಇಲ್ಲ ಅಂತ ಆರ್‌ಬಿಐ 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತಂತೆ. ಇನ್ನೂ ಒಂದಿತ್ತು ಅದ್ರಲ್ಲಿ, ಕೂಲಿಂಗ್ ಆಫ್ ಮೂರು ದಿನ, ಆ ಮೂರು ದಿನದಲ್ಲಿ ಬೇಡ ಅಂದಿದ್ರೆ ದಂಡ ಇಲ್ದೆ ಸಾಲ ವಾಪಸ್ ಮಾಡ್ಬಹುದಿತ್ತು. ಮೂರು ದಿನ. ನಾನು ಆ ಮೂರು ದಿನ ಮನೆಮಂದಿಗೆಲ್ಲ ಎಂಬಿಎ ಸೇರ್ದೆ ಅಂತ ಸ್ವೀಟ್ ಹಂಚಿದೀನಿ.

ಇನ್ನೂ ಹೊಟ್ಟೆ ಉರಿದಿದ್ದು ಯೂನಿವರ್ಸಿಟಿ ಆಫೀಸಿಂದ ಉತ್ತರ ಬಂದಾಗ. ಅವ್ರಿಗೆ ಬಂದಿರೋದು ಮೊದಲ ಸೆಮಿಸ್ಟರಿನ 33,000 ಮಾತ್ರ ಅಂತೆ. ಅಂದ್ರೆ ನನ್ನ ಹೆಸರಿನ ಸಾಲದ 99,000 ಆ ಮಧ್ಯದ ಕಂಪನಿ ಕೈಯಲ್ಲಿ ಕೂತಿದೆ, ನಾನು ಓದದೇ ಇರೋ ಮೂರು ಸೆಮಿಸ್ಟರಿಗೆ. ಇದನ್ನ ಮೇಲಲ್ಲಿ ಕೇಳಿದ್ದಕ್ಕೆ ಕಂಪನಿಯವರ ಉತ್ತರ ಮತ್ತೆ ಅದೇ, ಡಿಯರ್ ಲರ್ನರ್, ಅವಧಿ ಮೀರಿದೆ.

ಈಗ ಯಾಕೆ ಬರೀತಿದೀನಿ ಅಂದ್ರೆ ಮಗಳ ವಿಷಯಕ್ಕೆ. ಪಿಯುಸಿ ರಿಸಲ್ಟ್ ಬಂತು, ಚೆನ್ನಾಗಿ ತೆಗೆದಿದ್ದಾಳೆ, ಅವಳ ಎಜುಕೇಷನ್ ಲೋನ್ ವಿಚಾರಿಸೋಕೆ ಬ್ಯಾಂಕಿಗೆ ಹೋದೆ, ಅಪ್ಪನೋ ಅಮ್ಮನೋ ಜಂಟಿ ಸಾಲಗಾರರಾಗಿ ಸಹಿ ಹಾಕ್ಬೇಕು. ಮ್ಯಾನೇಜರ್ ನನ್ನ ಸಿಬಿಲ್, ಅಂದ್ರೆ ಸಾಲ ಕಟ್ಟಿದ ದಾಖಲೆ, ತೆಗೆದು ಸ್ಕ್ರೀನ್ ನನ್ನ ಕಡೆ ತಿರುಗಿಸಿದ್ರು. ಕನ್ಸ್ಯೂಮರ್ ಲೋನ್, ಜನವರಿ ಹತ್ರ ತಡ ಅಂತ ಗುರುತು, ಸ್ಕೋರ್ 700ರ ಕೆಳಗೆ. ಮಗಳು ಪಕ್ಕದಲ್ಲೇ ಕೂತಿದ್ಲು. ಇದು ನನ್ನ ಓದಿಗೆ ಮಾಡಿದ ಸಾಲ ಸರ್ ಅಂದೆ. ಅವ್ರು ಒಳ್ಳೇವ್ರು, ಬಿಡಿಸಿ ಹೇಳಿದ್ರು. ನಿಜವಾದ ಎಜುಕೇಷನ್ ಲೋನಲ್ಲಿ ಓದು ಮುಗಿದು ಒಂದು ವರ್ಷದ ತನಕ ಕಂತು ಶುರುವಾಗಲ್ಲ, 4 ಲಕ್ಷದವರೆಗೆ ನಮ್ಮ ಕೈಯಿಂದ ಮಾರ್ಜಿನ್ ಹಾಕ್ಬೇಕಿಲ್ಲ, ಏಳೂವರೆ ಲಕ್ಷದವರೆಗೆ ಆಸ್ತಿ ಅಡ ಇಡೋದು ಬೇಕಿಲ್ಲ. ಮುಂದಿನ ತಿಂಗಳೇ ಕಂತು ಶುರುವಾದ್ರೆ ಅದು ಎಜುಕೇಷನ್ ಲೋನ್ ಅಲ್ಲಮ್ಮ, ಟಿವಿ ಫ್ರಿಜ್ಜಿಗೆ ಕೊಡೋ ಥರದ ಸಾಲ ಅಂದ್ರು. ಆದ್ರೆ ಆನ್‌ಲೈನ್ ಕೋರ್ಸಿಗೆ ನಮ್ಮ ಬ್ರಾಂಚಲ್ಲಿ ಎಜುಕೇಷನ್ ಲೋನ್ ಕೊಡಲ್ಲ ಅಂತಲೂ ಹೇಳಿದ್ರು. ಅದಕ್ಕೇ ನೋಡಿ ಕೆಲಸ ಮಾಡ್ಕೊಂಡು ಓದೋರು ಇಂಥವ್ರ ಕೈಗೆ ಸಿಗೋದು, ಬ್ಯಾಂಕ್ ಬಾಗಿಲು ನಮಗೆ ತೆಗೆಯಲ್ಲ, ಇವ್ರು ಮನೆ ಬಾಗಿಲಿಗೇ ಬರ್ತಾರೆ. ಮಗಳ ಅರ್ಜಿ ಇನ್ನೂ ಮೇಲಿನ ಆಫೀಸಲ್ಲಿದೆ.

ನಾನು ಹೇಳೋದು ಇಷ್ಟೇ. ನಿಮ್ಮ ಫೀಸನ್ನ ಸೆಮಿಸ್ಟರ್ ಸೆಮಿಸ್ಟರ್‌ಗೆ ಯೂನಿವರ್ಸಿಟಿ ಅಕೌಂಟಿಗೇ ನೇರ ಕಟ್ಟಿ, ಅದಕ್ಕೆ ಒಪ್ಪಲ್ಲ ಅಂದ್ರೆ ಸೇರ್ಬೇಡಿ. ಒಟಿಪಿ ಕೇಳಿದ್ರೆ ಯಾತಕ್ಕೆ ಅಂತ ಓದಿ, ಲೈನಲ್ಲಿ ಯಾರಾದ್ರೂ ಆತುರ ಮಾಡ್ತಿದ್ರೆ ಮೊದ್ಲು ಆ ಕಾಲ್ ಕಟ್ ಮಾಡಿ. ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ ನಮಗೆ ಅರ್ಥ ಆಗೋ ಭಾಷೇಲಿ ಕೊಡ್ಬೇಕು ಅಂತ ರೂಲಿದೆ, ಕನ್ನಡದಲ್ಲಿ ಕೊಡಿ ಅಂತ ಕೇಳಿ, ಕೊಡೋ ತನಕ ಏನೂ ಒತ್ತಬೇಡಿ. ಮಾತಲ್ಲಿ ಹೇಳಿದ್ದನ್ನೆಲ್ಲ ಮೆಸೇಜಲ್ಲಿ ಬರೆಸ್ಕೊಳ್ಳಿ. ಸಿಟ್ಟಿಗೆ ಕಂತು ನಿಲ್ಲಿಸಬೇಡಿ, ಅವ್ರಿಗೇನೂ ಆಗಲ್ಲ, ನಿಮ್ಮ ಸಿಬಿಲ್ ಹೋಗತ್ತೆ, ನಂದು ಹೋಗಿದೆ. ನಮ್ಮ ಸ್ಕೂಲಿನ ಲೈಬ್ರರಿ ಮೇಡಂ ಮುಕ್ತ ವಿವಿಯಲ್ಲೇ ಎಂಕಾಂ ಮಾಡ್ತಿದಾರೆ, ವರ್ಷ ವರ್ಷಕ್ಕೆ ಫೀಸ್ ಕಟ್ತಾರೆ, ಸಾಲ ಇಲ್ಲ ಏನಿಲ್ಲ. ಅವ್ರನ್ನ ನೋಡ್ದಾಗೆಲ್ಲ ಸಂಕಟ ಆಗತ್ತೆ.

1915 ಗ್ರಾಹಕ ಸಹಾಯವಾಣಿಗೆ ಕಾಲ್ ಮಾಡಿ ಆ ಕಂಪನಿ ಮೇಲೆ ದೂರು ಕೊಟ್ಟೆ. ಕೊಟ್ಟ ವಾರಕ್ಕೆ ಕಂಪನಿಯಿಂದ ಬೇರೆ ಯಾರೋ ಕಾಲ್ ಮಾಡಿ "ದೂರು ವಾಪಸ್ ತಗೊಳ್ಳಿ, 40,000 ಕೊಡ್ತೀವಿ" ಅಂದ್ರು. 99,000 ಇಟ್ಕೊಂಡು 40,000. ಬರವಣಿಗೇಲಿ ಕೊಡಿ ಅಂದೆ, ಆಮೇಲೆ ಸುದ್ದಿ ಇಲ್ಲ. ಫೈನಾನ್ಸ್‌ಗೂ ಲಿಖಿತ ದೂರು ಕಳ್ಸಿದೀನಿ, ಎಚ್ಎಂ ಮೇಡಂಗೆ ಕಾಲ್ ಮಾಡಿದ್ದನ್ನ ತಾರೀಖು ಸಮೇತ ಹಾಕಿ. ಅವ್ರು 30 ದಿನದಲ್ಲಿ ಸರಿಯಾದ ಉತ್ತರ ಕೊಡದಿದ್ರೆ ಆರ್‌ಬಿಐ ಓಂಬುಡ್ಸ್‌ಮನ್‌ಗೆ (ಬ್ಯಾಂಕ್, ಫೈನಾನ್ಸ್ ಮೇಲಿನ ದೂರು ನೋಡೋ ಅಧಿಕಾರಿ) ಸಿಎಂಎಸ್ ಅನ್ನೋ ದೂರಿನ ವೆಬ್‌ಸೈಟಲ್ಲಿ ಹಾಕ್ಬಹುದು, ಫೀಸಿಲ್ಲ, ಹೆಂಗೆ ಅಂತ ಗೊತ್ತಾಗದಿದ್ರೆ 14448ಕ್ಕೆ ಕಾಲ್ ಮಾಡಿ ಕೇಳಿ. ನಂದು ಇವತ್ತಿಗೆ 19 ದಿನ. ಇಲ್ಲಿ ತನಕ 10 ಕಂತು, 62,500 ಹೋಗಿದೆ, ಇನ್ನು 14 ಇದೆ. 5ನೇ ತಾರೀಖಿಗೆ ಅಂತ 6,250 ಅಕೌಂಟಲ್ಲಿ ಬಿಟ್ಟಿದೀನಿ, ಅದನ್ನ ಮುಟ್ಟಲ್ಲ. ಆ ಟೀಚರ್‌ಗೆ ನಿನ್ನೆ ನನ್ನ ರಸೀದಿ ಪುಸ್ತಕದ ಹಿಂದೆ ಬರ್ಕೊಂಡಿರೋ ಲೆಕ್ಕ ತೋರಿಸ್ದೆ, ಅವ್ರು ನನ್ನೆದುರೇ ಆ ನಂಬರ್ ಬ್ಲಾಕ್ ಮಾಡಿದ್ರು.