ಸ್ಟೀವನ್ಸ್ ವಕೀಲರನ್ನು ಹುಡುಕಲು ಬಯೋಗೈಡ್ ಎಷ್ಟು ಸಾಕು?

ನಮ್ಮ ಸಂವಿಧಾನದ 14ನೇ ವಿಧಿಯ ಮೇಲೆ ಸೆಮಿನಾರ್ ಬರೆಯುವ ಬಳ್ಳಾರಿ, ರಾಯಚೂರಿನ ಕಾನೂನು ವಿದ್ಯಾರ್ಥಿಗಳು, ಅದರಂತೆಯೇ ಸಮಾನ ರಕ್ಷಣೆಯ ಮಾತಾಡುವ ಅಮೆರಿಕದ ಸಂವಿಧಾನದ 14ನೇ ತಿದ್ದುಪಡಿಯ ಹತ್ತಿರ ಹೋಗಲೇಬೇಕು. ಅಲ್ಲಿ ಸಿಗುವ ಹೆಸರು ಥ್ಯಾಡಿಯಸ್ ಸ್ಟೀವನ್ಸ್, ಗುಲಾಮಗಿರಿಯನ್ನು ವಿರೋಧಿಸಿ ಆ ತಿದ್ದುಪಡಿಗೆ ದುಡಿದ ವಕೀಲ, ಸಂಸದ. ಇವರ ವಿವರಕ್ಕೆ ಅಮೆರಿಕ ಸಂಸತ್ತಿನದೇ ಉಚಿತ ಆನ್‌ಲೈನ್ ಸಂಸದರ ಪರಿಚಯ ಕೋಶ ಬಯೋಗೈಡ್ ಇದೆ. ತಾರೀಖಿಗೆ ಅದನ್ನು ನಂಬಬಹುದು, ಮನುಷ್ಯನ ಪರಿಚಯಕ್ಕೆ ಸಾಲದು.

ಎಡವಟ್ಟು ಹುಡುಕುವಲ್ಲೇ ಶುರು. ಅದೇ ಕಾಲದಲ್ಲಿ ಇನ್ನೊಬ್ಬರಿದ್ದರು, ಕನ್ನಡದಲ್ಲಿ ಬರೆದರೆ ಇಬ್ಬರೂ ‘ಸ್ಟೀವನ್ಸ್’. ಇಂಗ್ಲಿಷಿನಲ್ಲಿ ಪಿ-ಎಚ್ (Stephens) ಹಾಕಿದಿರೋ, ಜಾರ್ಜಿಯಾದ ಅಲೆಕ್ಸಾಂಡರ್ ಬರುತ್ತಾರೆ. ಅವರೂ ವಕೀಲರು, ಅವರೂ ಸಂಸದರು. ಆದರೆ ಗುಲಾಮಗಿರಿ ಉಳಿಸಲು ಸಿಡಿದುಹೋದ ದಕ್ಷಿಣದ ಒಕ್ಕೂಟದ ಉಪಾಧ್ಯಕ್ಷರು. ಪೂರಾ ಎದುರು ಪಾಳಯ! ವಿ ಅಕ್ಷರ (Stevens) ಹಾಕಿ, ರಾಜ್ಯ ಪೆನ್ಸಿಲ್ವೇನಿಯಾ ಎಂದು ಕೊಡಿ.

ಬಯೋಗೈಡಿನ ಬರಹ ಪಹಣಿ ಓದಿದಂತಿದೆ: 1792ರಲ್ಲಿ ವರ್ಮಾಂಟಿನಲ್ಲಿ ಜನನ, 1814ರಲ್ಲಿ ಡಾರ್ಟ್‌ಮತ್ ಪದವಿ, 1816ರಲ್ಲಿ ಮೇರಿಲ್ಯಾಂಡಿನ ಸನ್ನದು, ವಕೀಲಿಕೆ ಪೆನ್ಸಿಲ್ವೇನಿಯಾದ ಗೆಟಿಸ್‌ಬರ್ಗಿನಲ್ಲಿ, 1842ರಿಂದ ಲ್ಯಾಂಕಾಸ್ಟರ್. ಕೆಳಮನೆಯಲ್ಲಿ ಆಗಿನ ವಿಗ್ ಪಕ್ಷದಿಂದ 1849–53, ರಿಪಬ್ಲಿಕನ್ ಆಗಿ 1859ರಿಂದ 1868ರಲ್ಲಿ ತೀರಿಕೊಳ್ಳುವವರೆಗೆ. ಅವಧಿ ಮಾರ್ಚ್ 4ರಿಂದ ಎಂದಿರುತ್ತದೆ, ಅದನ್ನೇ ಚುನಾವಣೆಯ ವರ್ಷ ಅಂದುಕೊಳ್ಳಬೇಡಿ. ಗೆದ್ದದ್ದು 1858ರಲ್ಲಿ, ಸದನ ಕೂಡಿದ್ದು 1859ರ ಡಿಸೆಂಬರಿನಲ್ಲಿ.

ಸಂಡೂರಿನ ಅದಿರು ಕಂಡವರಿಗೆ ರುಚಿಸುವ ಭಾಗವೇ ಇಲ್ಲಿಲ್ಲ. ಈ ವಕೀಲರಿಗೆ ಪೆನ್ಸಿಲ್ವೇನಿಯಾದಲ್ಲಿ ಕ್ಯಾಲೆಡೋನಿಯಾ ಎಂಬ ಕಬ್ಬಿಣದ ಕುಲುಮೆ ಇತ್ತು. ತೋರಣಗಲ್ಲಿನ ಹಾಗೆ ಕೋಕ್ ಅಲ್ಲ, ಅದಿರು, ಸುಣ್ಣದಕಲ್ಲಿನ ಜೊತೆ ಕಟ್ಟಿಗೆ ಇದ್ದಿಲು ಸುರಿಯುವ ಕುಲುಮೆ. 1863ರ ಜೂನಿನಲ್ಲಿ ದಕ್ಷಿಣದ ಸೇನಾನಿ ಜುಬಲ್ ಅರ್ಲಿ ಅದನ್ನು ಸುಡಿಸಿದ. ಬಯೋಗೈಡಿನಲ್ಲಿ ಕಾಣುವ ಕ್ಯಾಲೆಡೋನಿಯಾ ಅವರು ಹುಟ್ಟಿದ ಕೌಂಟಿ, ಅಂದರೆ ವರ್ಮಾಂಟಿನ ಒಂದು ಜಿಲ್ಲೆ. ಕುಲುಮೆಗೆ ಆ ಹೆಸರನ್ನೇ ಇಟ್ಟದ್ದು. ಎರಡನ್ನೂ ಕಲಸಿದರೆ ಕುಲುಮೆ ವರ್ಮಾಂಟಿಗೆ ಹೋಗಿಬಿಡುತ್ತದೆ. ಸಮಾಧಿ ಶ್ರೈನರ್ ಸ್ಮಶಾನದಲ್ಲಿ ಎಂದಷ್ಟೇ ಇದೆ. ಕರಿಯರಿಗೆ ಬಾಗಿಲು ಹಾಕದ ಸ್ಮಶಾನವೆಂದೇ ಅದನ್ನು ಆರಿಸಿದ್ದು ಎಂಬ ಮಾತು ಬೇರೆ ಕಡೆ ಓದಬೇಕು.

ಭಾಷಣ ಬೇಕಿದ್ದರೆ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿ ಉಚಿತವಾಗಿರುವ ಕಾಂಗ್ರೆಷನಲ್ ಗ್ಲೋಬ್ (ಆಗಿನ ಸಂಸತ್ತಿನ ಚರ್ಚೆಗಳ ದಾಖಲೆ) ತೆರೆಯಿರಿ: 39ನೇ ಕಾಂಗ್ರೆಸ್, ಅಂದರೆ 39ನೇ ಸಂಸತ್ತು, ಮೊದಲ ಅಧಿವೇಶನ. ತಿದ್ದುಪಡಿಗೆ ಕೆಳಮನೆಯ ಕೊನೆಯ ಒಪ್ಪಿಗೆ ಸಿಕ್ಕಿದ್ದು 1866ರ ಜೂನ್ 13ರಂದು. ಮೊದಲು ಸೂಚಿಯಲ್ಲಿ ಪುಟಸಂಖ್ಯೆ ಹಿಡಿಯಿರಿ, ಆಮೇಲೆ ಪುಟ. ಒಂದು ಪುಟಕ್ಕೆ ಮೂರು ಕಾಲಂ, ಇರುವೆಯಂಥ ಅಕ್ಷರ, ಮೊಬೈಲಿನಲ್ಲಿ ಓದಲಾಗದು. ಜೆರಾಕ್ಸ್ ಅಂಗಡಿಯಲ್ಲಿ ಎ4 ಬೇಡ, ಎ3 ಕೇಳಿ.