ಒಂದೇ ವೈನ್, ಮೂರು ಜೊತೆ: ಸಂಗೀತ, ತತ್ವಶಾಸ್ತ್ರ, ಚಿತ್ರ

ವೈನ್ ಜೊತೆಗೆ ಏನಿದ್ದರೆ ಚೆನ್ನ ಅಂತ ಯಾರಾದರೂ ಕೇಳಿದರೆ ಈಗ ನನ್ನ ಉತ್ತರ ಒಂದೇ: ಎದುರಿನ ಗೋಡೆಯ ಮೇಲೆ ಒಂದು ವರ್ಣಚಿತ್ರ. ಹತ್ತಲ್ಲ, ಒಂದು. ಈ ಉತ್ತರ ಸಿಗುವ ಮೊದಲು ಒಂದು ಜೋಡಿ ಸ್ಪೀಕರಿಗೆ ಇಡೀ ವರ್ಷದ ಉಳಿತಾಯ ಸುರಿದಿದ್ದೆ. ಸಂಜೆ, ಒಳ್ಳೆಯ ಸಂಗೀತ, ಕೈಯಲ್ಲೊಂದು ಗ್ಲಾಸು, ಇದಕ್ಕಿಂತ ಇನ್ನೇನು ಬೇಕು ಅಂದುಕೊಂಡಿದ್ದೆ. ಲೆಕ್ಕ ತಪ್ಪಿತು. ಬೇರೆಯವರ ದುಡ್ಡಾದರೂ ಉಳಿಯಲಿ ಅಂತ ಬರೆಯುತ್ತಿದ್ದೇನೆ.

ನಾನು ಕುಡಿಯುವುದು ಕಡಿಮೆ. ತಿಂಗಳಿಗೆ ಒಂದು ಬಾಟಲಿ, ಬಹುಪಾಲು ಕ್ಯಾಬರ್ನೆ ಸೊವಿನ್ಯೋನ್ ಅನ್ನುವ ಕೆಂಪು ವೈನ್. 750 ಮಿಲಿ ಅಂದರೆ ಸುಮಾರು 5 ಗ್ಲಾಸು. ಸಂಜೆಗೆ ಎರಡರಂತೆ ಮೂರನೆಯ ದಿನಕ್ಕೆ ಮುಗಿಸುತ್ತೇನೆ, ಬಿರಡೆ ತೆಗೆದ ಮೇಲೆ ಅದಕ್ಕೆ ಹೆಚ್ಚು ಆಯುಸ್ಸಿಲ್ಲ. ಇಷ್ಟು ಕಡಿಮೆ ಕುಡಿಯುವವರಿಗೆ ಒಂದೊಂದು ಗ್ಲಾಸೂ ಮುಖ್ಯ. ಹಾಗಾಗಿ ಒಂದೇ ವೈನಿನ ಮೂರು ಬಾಟಲಿ ತಂದು, ಮೂರು ತಿಂಗಳಲ್ಲಿ ಮೂರು ಜೊತೆಗಳನ್ನು ನೋಡಿದೆ.

ಮೊದಲು ಸಂಗೀತ. ಶುರು ಮಾಡಿದ್ದು ಜರ್ಮನ್ ಸಂಗೀತಕಾರ ಬಾಖ್ ಒಂಟಿ ಚೆಲೋಗೆ (ದೊಡ್ಡ ಪಿಟೀಲಿನಂಥ ವಾದ್ಯ) ಬರೆದ ಆರು ಕೃತಿಮಾಲೆಗಳಲ್ಲಿ ಮೊದಲನೆಯದರಿಂದ. ಮುಗಿಯುವಷ್ಟರಲ್ಲಿ ಗ್ಲಾಸು ಖಾಲಿ. ವೈನ್ ಹೇಗಿತ್ತು ಅಂತ ನೆನೆಸಿಕೊಳ್ಳಲು ಹೋದರೆ ಏನೂ ನೆನಪಿಲ್ಲ, ಚೆಲೋದ ಒಂದೊಂದು ಎಳೆತವೂ ನೆನಪಿದೆ. ಕಿವಿ ಕೆಲಸಕ್ಕೆ ಕೂತರೆ ನಾಲಿಗೆ ಸುಮ್ಮನಾಗಿಬಿಡುತ್ತದೆ. ಸಂಗೀತ ನಮಗಾಗಿ ಕಾಯುವುದಿಲ್ಲ. ಬಾಯಲ್ಲಿ ಒಂದು ಗುಟುಕು ಇಟ್ಟುಕೊಂಡು, ಈ ಒಗರು ಎಲ್ಲಿಂದ ಬಂತು, ಸಿಪ್ಪೆಯದೋ ಬೀಜದ್ದೋ ಅಂತ ಯೋಚಿಸುವಷ್ಟರಲ್ಲಿ ಅದು ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತದೆ.

ಇಷ್ಟೇ ಆಗಿದ್ದರೆ ಒಪ್ಪಿಕೊಳ್ಳುತ್ತಿದ್ದೆ. ನಿಜವಾದ ತೊಡಕು ಎರಡನೆಯ ಸಂಜೆ ಸಿಕ್ಕಿತು. ಅದೇ ಬಾಟಲಿಯಿಂದ ಬಗ್ಗಿಸಿಕೊಂಡು ಕಾರ್ಲ್ ಓರ್ಫ್‌ನ ‘ಕಾರ್ಮಿನಾ ಬುರಾನಾ’ ಹಾಕಿದೆ, ದೊಡ್ಡ ಗಾಯಕವೃಂದ ಹಾಡುವ ಕೃತಿ. ವೈನ್ ಬೇರೆಯೇ ಆಗಿತ್ತು! ದಪ್ಪ, ಗಡುಸು, ಬಾಯಿ ತುಂಬುವಂಥದ್ದು. ಹಿಂದಿನ ದಿನಕ್ಕಿಂತ ಎಷ್ಟು ಪಕ್ವವಾಗಿದೆ ಅಂತ ಖುಷಿಪಟ್ಟು ಪುಸ್ತಕದಲ್ಲಿ ಬರೆದೂ ಇಟ್ಟೆ. ಸಂಗೀತ ನಿಲ್ಲಿಸಿ ಉಳಿದ ಅರ್ಧ ಗ್ಲಾಸು ಕುಡಿದರೆ ಆ ಗಡಸುತನ ಕಾಣೆ. ಹಾಗಾದರೆ ನಾನು ಬರೆದದ್ದು ವೈನಿನ ವಿಷಯವೋ, ಗಾಯಕವೃಂದದ ವಿಷಯವೋ?

ಇದು ನನ್ನೊಬ್ಬನ ಭ್ರಮೆ ಅಲ್ಲ. ಮನೋವಿಜ್ಞಾನಿ ಏಡ್ರಿಯನ್ ನಾರ್ತ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ವಿಷಯದ್ದು. 250 ಜನರಿಗೆ ಕ್ಯಾಬರ್ನೆ ಸೊವಿನ್ಯೋನ್ ಇಲ್ಲವೇ ಶಾರ್ಡನೆ ಅನ್ನುವ ಬಿಳಿ ವೈನ್ ಕೊಟ್ಟು, ಗುಂಪಿಗೊಂದು ಬಗೆಯ ಸಂಗೀತ ಕೇಳಿಸಿದರು. ಒಂದು ಗುಂಪಿಗೆ ಮಾತ್ರ ಏನೂ ಕೇಳಿಸಲಿಲ್ಲ. ‘ಕಾರ್ಮಿನಾ ಬುರಾನಾ’ ಕೇಳಿದವರು ತಮ್ಮ ವೈನಿಗೆ ಶಕ್ತಿಯುತ, ಭಾರ ಎಂಬ ಗುಣಗಳಲ್ಲಿ ಹೆಚ್ಚು ಅಂಕ ಕೊಟ್ಟರು. ಚೈಕೋವ್‌ಸ್ಕಿಯ ‘ಹೂಗಳ ವಾಲ್ಟ್ಸ್’ ಎಂಬ ನೃತ್ಯಸಂಗೀತ ಕೇಳಿದವರಿಗೆ ಅದೇ ವೈನ್ ನವಿರು, ನಾಜೂಕು ಅನ್ನಿಸಿತು. ನನ್ನ ಸಂಜೆಗೂ ಆ ಪ್ರಯೋಗಕ್ಕೂ ಸಂಗೀತ ಒಂದೇ ಆಗಿದ್ದು ಕಾಕತಾಳೀಯ, ಅಧ್ಯಯನ ಓದಿದ್ದು ಆಮೇಲೆ.

ಕೆಲವರಿಗೆ ಇದೇ ಲಾಭ. ಸಪ್ಪೆ ವೈನಿಗೆ ಸಂಗೀತ ಊರುಗೋಲಾಗುತ್ತದೆ. ನನಗೆ ಅದು ಬೇಡ. ತಿಂಗಳಿಗೆ ಒಂದೇ ಬಾಟಲಿ ತರುವ ನನಗೆ ಅದರೊಳಗೆ ಏನಿದೆ ಅನ್ನುವುದು ತಿಳಿಯಬೇಕು. ದಾರಿ ಹುಡುಕಿದೆ. ಗುಟುಕಿಗೊಮ್ಮೆ ಸಂಗೀತ ನಿಲ್ಲಿಸಿದೆ, ಸಂಗೀತ ಚೂರುಚೂರಾಯಿತು. ಧ್ವನಿ ತಗ್ಗಿಸಿದೆ, ಆಗ ಅದು ಎಲ್ಲೋ ದೂರದ ಗಲಾಟೆಯಂತೆ ಕೇಳಿ ಬಾಖ್‌ಗೆ ಅವಮಾನ ಮಾಡಿದಂತಾಯಿತು. ಕೊನೆಗೆ ಉಳಿದದ್ದು ಗ್ಲಾಸು ಖಾಲಿ ಆದ ಮೇಲೆ ಕೇಳುವುದು. ಅದು ಬಹಳ ಚೆಂದ. ಆದರೆ ಅದಕ್ಕೆ ಅಷ್ಟು ದೊಡ್ಡ ಸ್ಪೀಕರ್ ಬೇಕಿರಲಿಲ್ಲ.

ಹತ್ತು ಜನ ಸೇರಿದ ಕಡೆ ಸಂಗೀತವೇ ಸರಿ. ಅಲ್ಲಿ ಯಾರೂ ವೈನಿನ ಕಡೆ ಗಮನ ಕೊಡುವುದಿಲ್ಲ.

ತತ್ವಶಾಸ್ತ್ರ ಎರಡನೆಯ ತಿಂಗಳು. ಪ್ಲೇಟೋನ ‘ಸಿಂಪೋಸಿಯಂ’ ತೆಗೆದುಕೊಂಡೆ, ಅದು ಕುಡಿತದ ಕೂಟದ ಕಥೆಯೇ. ಅಲ್ಲಿ ಬಂದವರಿಗೆ ಹಿಂದಿನ ರಾತ್ರಿಯ ಅಮಲಿನ ಬಳಲಿಕೆ ಇನ್ನೂ ಇಳಿದಿಲ್ಲ, ಇವತ್ತು ಯಾರಿಗೂ ಬಲವಂತವಿಲ್ಲ ಅಂತ ಒಪ್ಪಂದ ಮಾಡಿಕೊಳ್ಳುತ್ತಾರೆ. ಆಮೇಲೆ ಮಾಡುವ ಮೊದಲ ಕೆಲಸ, ಕೊಳಲು ಊದಲು ಬಂದವಳನ್ನು ಹೊರಗೆ ಕಳಿಸುವುದು! ಸಂಗೀತದಿಂದ ಪೆಟ್ಟು ತಿಂದ ನನಗೆ ಆ ಸಾಲು ಓದಿ ಸಮಾಧಾನವಾಯಿತು. ಗ್ರೀಕರು ವೈನಿಗೆ ನೀರು ಬೆರೆಸಿಯೇ ಕುಡಿಯುತ್ತಿದ್ದವರು, ಮಾತು ಅಷ್ಟು ಹೊತ್ತು ನಡೆದದ್ದು ಅದರಿಂದಲೂ ಇರಬಹುದು. ನೀರು ಬೆರೆಸದೆ ಕುಡಿದ ನನಗೆ ಎರಡನೆಯ ಗ್ಲಾಸಿನ ಹೊತ್ತಿಗೆ ಒಂದೇ ಪುಟ ಮೂರು ಸಲ ಓದುವಂತಾಯಿತು. ಪುಟದಂಚಿಗೆ ಬರೆದ ಟಿಪ್ಪಣಿಗಳು ಬೆಳಿಗ್ಗೆ ಟೊಳ್ಳಾಗಿ ಕಂಡವು.

ಹಾಗಂತ ಆ ಬಾಟಲಿ ವ್ಯರ್ಥವಾಗಲಿಲ್ಲ. ತತ್ವಜ್ಞಾನಿ ಹ್ಯೂಮ್ ಅಭಿರುಚಿಯ ಬಗ್ಗೆ ಬರೆದ 1757ರ ಪ್ರಬಂಧದಲ್ಲಿ ‘ಡಾನ್ ಕಿಹೋಟೆ’ ಕಾದಂಬರಿಯಿಂದ ಎತ್ತಿಕೊಂಡ ಕಥೆಯೊಂದಿದೆ. ಇಬ್ಬರು ಒಂದು ಪೀಪಾಯಿಯ ವೈನ್ ರುಚಿ ನೋಡುತ್ತಾರೆ. ಒಬ್ಬನಿಗೆ ಸ್ವಲ್ಪ ಚರ್ಮದ ವಾಸನೆ, ಇನ್ನೊಬ್ಬನಿಗೆ ಕಬ್ಬಿಣದ ರುಚಿ. ಎಲ್ಲರೂ ನಕ್ಕರು. ಪೀಪಾಯಿ ಬರಿದಾದಾಗ ತಳದಲ್ಲಿ ಚರ್ಮದ ಪಟ್ಟಿ ಕಟ್ಟಿದ ಹಳೆಯ ಬೀಗದ ಕೈ. ಅಂದರೆ ರುಚಿ ಪೂರ್ತಿ ನಮ್ಮ ತಲೆಯೊಳಗಿನ ಆಟವಲ್ಲ, ಹುಡುಕುವವರಿಗೆ ಪೀಪಾಯಿಯಲ್ಲಿ ಏನೋ ಇದ್ದೇ ಇರುತ್ತದೆ. ಜರ್ಮನ್ ತತ್ವಜ್ಞಾನಿ ಕಾಂಟ್ 1790ರಲ್ಲಿ ಇನ್ನೊಂದು ಕಡೆ ಎಳೆಯುತ್ತಾನೆ: ಕೆನರಿ ದ್ವೀಪಗಳ ವೈನ್ ಹಿತ ಅನ್ನಬೇಡ, ‘ನನಗೆ’ ಹಿತ ಅನ್ನು. ಚೆಲುವು ಹಾಗಲ್ಲ, ಒಂದನ್ನು ಚೆಲುವು ಅಂದ ಕೂಡಲೇ ಎಲ್ಲರೂ ಒಪ್ಪಲಿ ಅಂತ ಬಯಸುತ್ತೇವೆ. ಇವನ್ನೆಲ್ಲ ಮಧ್ಯಾಹ್ನ, ನೀರು ಕುಡಿಯುತ್ತಾ ಓದಬೇಕು. ಸಂಜೆಗೆ ಪ್ರಶ್ನೆ ಮಾತ್ರ ಉಳಿದರೆ ಸಾಕು: ರುಚಿ ಇರುವುದು ಗ್ಲಾಸಿನಲ್ಲೋ, ನನ್ನಲ್ಲೋ?

ಆ ಪ್ರಶ್ನೆ ಹೊತ್ತುಕೊಂಡೇ ಚಿತ್ರದ ಮುಂದೆ ಕೂತೆ. ತಂದದ್ದು ಇಟಲಿಯ ಚಿತ್ರಕಾರ ಕರವಾಜ್ಜೊನ ‘ಬ್ಯಾಕಸ್’ ಚಿತ್ರದ ದೊಡ್ಡ ಮುದ್ರಣ. ವೈನಿನ ದೇವರು ಬ್ಯಾಕಸ್ ಅದರಲ್ಲಿ ಹುಡುಗನಾಗಿ ಕೂತಿದ್ದಾನೆ. ಮೂಲ ಫ್ಲಾರೆನ್ಸಿನ ಉಫೀಜಿ ಕಲಾಸಂಗ್ರಹಾಲಯದಲ್ಲಿದೆ, 1590ರ ದಶಕದ ಕೊನೆಯದು. ಸ್ಪೀಕರಿಗೆ ಹೋದ ದುಡ್ಡಿನಲ್ಲಿ ಇಂಥವು ಗೋಡೆ ತುಂಬಾ ತರಬಹುದಿತ್ತು. ಮೂಲದ ಮುಂದೆ ಗ್ಲಾಸು ಹಿಡಿದು ನಿಲ್ಲಲು ಯಾರೂ ಬಿಡುವುದಿಲ್ಲವಾದ್ದರಿಂದ ಮುದ್ರಣವೇ ಗತಿ.

ಮೊದಲ ಗುಟುಕಿಗೆ ಕಂಡದ್ದು ಹುಡುಗನ ಮುಖ. ಎರಡನೆಯದಕ್ಕೆ, ಎಡಗೈಯಲ್ಲಿ ಅವನು ಮುಂದೆ ಚಾಚಿದ ಅಗಲ ಬಟ್ಟಲು. ಅದರೊಳಗಿನ ವೈನಿನ ಮೇಲೆ ಸಣ್ಣ ಅಲೆಗಳ ಉಂಗುರಗಳಿವೆ, ಕೈ ನಡುಗುತ್ತಿರುವಂತೆ. ಆಮೇಲೆ ಉಗುರಿನ ಕೊಳೆ, ಬುಟ್ಟಿಯಲ್ಲಿ ಕೊಳೆಯಲು ಶುರುವಾದ ಹಣ್ಣು. ಅಷ್ಟರಲ್ಲಿ ನನ್ನ ಗ್ಲಾಸಿನ ವೈನಿಗೂ ಗಾಳಿ ಆಡಿತ್ತು, ಘಮ ಬಿಚ್ಚಿಕೊಂಡಿತ್ತು, ಒಗರು ಮೆತ್ತಗಾಗಿತ್ತು. ಅರ್ಧ ಗಂಟೆ ಕಾಯಿಸಿ ಬದಲಾಗುವ ವೈನಿಗೆ ಅರ್ಧ ಗಂಟೆ ಅಲ್ಲೇ ನಿಲ್ಲುವ ಜೊತೆಗಾರ ಬೇಕು. ಕಣ್ಣು ಮುಚ್ಚಿ ಬಾಯಿಯ ಕಡೆ ಗಮನ ಕೊಟ್ಟು ಮತ್ತೆ ತೆರೆದರೂ ಚಿತ್ರ ಬಿಟ್ಟ ಜಾಗದಲ್ಲೇ ಇರುತ್ತದೆ.

ಕಣ್ಣೂ ಮೋಸ ಮಾಡುತ್ತದೆ, ಅದನ್ನು ಮುಚ್ಚಿಡುವುದಿಲ್ಲ. 2001ರಲ್ಲಿ ಪ್ರಕಟವಾದ ಫ್ರೆಂಚ್ ಪ್ರಯೋಗದಲ್ಲಿ ಬಿಳಿ ವೈನಿಗೆ ವಾಸನೆಯಿಲ್ಲದ ಕೆಂಪು ಬಣ್ಣ ಹಾಕಿ ಕೊಟ್ಟರೆ, ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳ ಗುಂಪು ಅದರ ಘಮವನ್ನು ಕೆಂಪು ವೈನಿನ ಮಾತುಗಳಲ್ಲೇ ಬಣ್ಣಿಸಿತು. ಆದರೆ ಅಲ್ಲಿ ಬದಲಾದದ್ದು ಗ್ಲಾಸಿನೊಳಗಿನ ಬಣ್ಣ. ಗೋಡೆಯ ಚಿತ್ರ ನನ್ನ ಗ್ಲಾಸಿನೊಳಗೆ ಇಳಿಯುವುದಿಲ್ಲ. ಹಳದಿ ದೀಪ ಆರಿಸಿ ಬಿಳಿ ದೀಪ ಹಾಕಿಕೊಂಡರೆ ಸಾಕು, ಹಳದಿ ಬೆಳಕಿನಲ್ಲಿ ಎಳೆಯ ವೈನೂ ಕಂದಿದ ಹಾಗೆ ಕಾಣುತ್ತದೆ.

ಫೋನಿನ ಪರದೆಯಲ್ಲಿ ಚಿತ್ರ ನೋಡುವ ಯೋಚನೆ ಬೇಡ.

ನನ್ನಂತೆ ಒಬ್ಬರೇ ಕೂತು, ನಿಧಾನವಾಗಿ, ಕೈಯಲ್ಲಿ ಹೆಚ್ಚು ದುಡ್ಡಿಲ್ಲದೆ ಕುಡಿಯುವವರಿಗೆ ಚಿತ್ರವೇ ಸರಿ. ಗ್ಲಾಸಿನ ವೈನ್ ನನಗೊಬ್ಬನಿಗೆ ಹಿಡಿಸಿದರೂ ಸಾಕು, ಎದುರಿನ ಚಿತ್ರವನ್ನು ಮಾತ್ರ ಎಲ್ಲರಿಗೂ ಕರೆದು ತೋರಿಸಬೇಕು ಅನ್ನಿಸುತ್ತದೆ. ಕಾಂಟ್ ಹೇಳಿದ್ದು ನನಗೆ ಅರ್ಥವಾದದ್ದು ಆ ಕುರ್ಚಿಯಲ್ಲಿ ಕೂತಾಗಲೇ.

ಸ್ಪೀಕರುಗಳನ್ನು ತಂಗಿಗೆ ಕೊಟ್ಟೆ, ಅವಳು ಹಾಡುತ್ತಾಳೆ. ಮುಂದಿನ ಬಾಟಲಿ ಬಿಳಿ ವೈನಿನದು. ಅದಕ್ಕೆ 17ನೇ ಶತಮಾನದ ಡಚ್ ಚಿತ್ರಕಾರ ಪೀಟರ್ ಕ್ಲಾಸ್‌ನ ಒಂದು ಚಿತ್ರ ಆರಿಸಿಟ್ಟಿದ್ದೇನೆ: ಹಸಿರು ಛಾಯೆಯ ಬಟ್ಟಲು, ಅದರ ಮೈಮೇಲೆ ಒಂದು ಕಿಟಕಿಯ ಪ್ರತಿಬಿಂಬ.