ಪಿಕಪ್‌ಗೆ ಬೇರೆ ವ್ಹೀಲ್: ಪುಣೆಯಲ್ಲಿ ಹಾಕಿ, ಓಡಿಸಿ, ಹೋಲಿಸಿ ನೋಡಿದ್ದು

ಟೊಯೊಟಾ ಹೈಲಕ್ಸ್‌ಗೆ ಯಾವ ವ್ಹೀಲ್ ಹಾಕಿಸಲಿ ಅಂತ ಯಾರು ಕೇಳಿದರೂ ನಾನು ಮೊದಲು ಹೇಳುವ ಅಂಕಿ 106.1. ವ್ಹೀಲನ್ನು ಬಿಗಿಸುವ ಹಬ್‌ನ ನಡುವೆ ಮುಂದೆ ಚಾಚಿಕೊಂಡಿರುತ್ತದಲ್ಲ ದುಂಡನೆಯ ಭಾಗ, ಅದರ ವ್ಯಾಸ ಇದು, ಮಿಲಿಮೀಟರ್ ಲೆಕ್ಕದಲ್ಲಿ. ವ್ಹೀಲ್‌ನ ನಡುವಿನ ತೂತು, ಅಂದರೆ ಬೋರ್, ಇದಕ್ಕಿಂತ ಚಿಕ್ಕದಿದ್ದರೆ ವ್ಹೀಲ್ ಒಳಗೆ ಕೂರುವುದೇ ಇಲ್ಲ. ದೊಡ್ಡದಿದ್ದರೆ ಕೂರುತ್ತದೆ, ಆದರೆ ಅದನ್ನು ಸರಿಯಾಗಿ ನಡುವಿಗೆ ತರುವ ಕೆಲಸ ಪೂರ್ತಿ ನಟ್‌ಗಳ ಮೇಲೆ ಬೀಳುತ್ತದೆ. ಪುಣೆಯ ನಾನಾ ಪೇಟ್ ಬಡಾವಣೆಯಲ್ಲಿ ಅಂಗಡಿಯಿಂದ ಅಂಗಡಿಗೆ ತಿರುಗಿದಾಗ "ಆರು ನಟ್ ಅಲ್ವಾ, ಬರುತ್ತೆ ಬಿಡಿ" ಅಂದವರೇ ಜಾಸ್ತಿ. ಆರು ನಟ್ ಇದ್ದ ಮಾತ್ರಕ್ಕೆ ಬರಲ್ಲ.

ನನ್ನ ಗಾಡಿಗೆ ಬಂದದ್ದು 18 ಇಂಚಿನ ಅಲಾಯ್, 265/60 ಟೈರ್, ಅಂದರೆ 265 ಮಿಮೀ ಅಗಲ, ಪಕ್ಕದ ಗೋಡೆಯ ಎತ್ತರ ಅದರ ಶೇಕಡ 60. ಪುಣೆಯಿಂದ ಮುಳಶಿ ಕಡೆಯ ತೋಟಕ್ಕೆ ಓಡಾಟ, ಹಬ್ಬ ಹುಣ್ಣಿಮೆಗೆ ಧಾರವಾಡ. ಮಳೆಗಾಲದಲ್ಲಿ ಪಿರಂಗುಟ್ ದಾಟಿದ ಮೇಲೆ ನೀರು ತುಂಬಿದ ಗುಂಡಿ ಎಷ್ಟು ಆಳ ಅಂತ ಗೊತ್ತಾಗುವುದು ಚಕ್ರ ಒಳಗೆ ಇಳಿದ ಮೇಲೇ. ಅಂಥ ಒಂದು ಗುಂಡಿಯಲ್ಲಿ ಮುಂದಿನ ಎಡಗಡೆಯ ರಿಮ್ ಒಳಅಂಚಿನಲ್ಲಿ ಬಿರುಕು ಬಿಟ್ಟಿತು. ಒಂದೇ ರಿಮ್ ತಂದು ಹಾಕಬಹುದಿತ್ತು. ಆದರೆ ಟೈರ್‌ಗಳೂ ಸವೆದು ಬದಲಾಯಿಸುವ ಹಂತಕ್ಕೆ ಬಂದಿದ್ದವು. ಹಾಗಾಗಿ ಇಡೀ ಸೆಟ್ಟನ್ನೇ ಬದಲಿಸೋಣ, ಆದರೆ ನೋಡಿ, ಹಾಕಿ, ಓಡಿಸಿ ತೀರ್ಮಾನ ಮಾಡೋಣ ಅಂದುಕೊಂಡೆ. ವಾರಜೆಯಲ್ಲಿ ಟೈರ್ ಅಂಗಡಿ ಇಟ್ಟಿರುವ ವಿಜಯಪುರ ಕಡೆಯ ಗೆಳೆಯ ಇದ್ದದ್ದರಿಂದ ಇದು ಸಾಧ್ಯವಾಯಿತು. ಗಿರಾಕಿಗಳು ಬಿಟ್ಟುಹೋದ ಸೆಟ್, ಮಾರಾಟಕ್ಕೆ ಬಂದ ಸೆಟ್ ಎಲ್ಲಾ ಅವನ ಹತ್ತಿರ ಇರುತ್ತವೆ.

ನಾನು ಒಂದು ಕಪ್ಪು ಅಲಾಯ್‌ನ ಮುಖ ನೋಡುತ್ತಾ ನಿಂತಿದ್ದಾಗ ಅವನು ಅದನ್ನು ನೆಲಕ್ಕೆ ಕವುಚಿ ಹಾಕಿದ. "ಅಣ್ಣಾರ, ಡಿಸೈನ್ ಆಮ್ಯಾಲೆ ನೋಡೂಣು. ಮೊದಲ ಹಿಂದ ಏನ್ ಬರದೈತಿ ನೋಡ್ರಿ" ಅಂದ. ಒಳಗಡೆ ಎರಕದಲ್ಲೇ ಅಕ್ಷರ ಮೂಡಿದ್ದವು: 17x9, ಇಟಿ 0. ಅಂದರೆ 17 ಇಂಚು ವ್ಯಾಸ, 9 ಇಂಚು ಅಗಲ, ಆಫ್‌ಸೆಟ್ ಸೊನ್ನೆ. ಇನ್ನೊಂದು ಕಡ್ಡಿಯ ಹಿಂದೆ ಕಿಲೋ ಲೆಕ್ಕದಲ್ಲಿ ಗರಿಷ್ಠ ಭಾರ. ಆಮೇಲೆ ವರ್ನಿಯರ್ ತಂದು ಬೋರ್ ಅಳೆದ. ಅಲ್ಲಿಂದ ಮುಂದೆ ಯಾವ ವ್ಹೀಲ್ ನೋಡಿದರೂ ನನ್ನ ಕೈ ಮೊದಲು ಹಿಂಭಾಗಕ್ಕೇ ಹೋಗುತ್ತದೆ.

ಗಾಡಿಯ ಮೂಲ ಅಳತೆ ಮೊದಲು ಹೇಳಿಬಿಡುತ್ತೇನೆ, ಹೋಲಿಕೆಗೆ ಅದೇ ಆಧಾರ. ಆರು ಸ್ಟಡ್ (ನಟ್ ಕೂರುವ ಬೋಲ್ಟ್). ಪಿಸಿಡಿ, ಅಂದರೆ ಆ ಸ್ಟಡ್‌ಗಳು ನಿಂತಿರುವ ವೃತ್ತದ ವ್ಯಾಸ, 139.7 ಮಿಮೀ, ಐದೂವರೆ ಇಂಚು. ಆರು ಸ್ಟಡ್ ಇರುವುದರಿಂದ ಅಳೆಯುವುದು ಸುಲಭ: ಒಂದು ಸ್ಟಡ್‌ನ ನಡುವಿನಿಂದ ಎದುರಿನ ಸ್ಟಡ್‌ನ ನಡುವಿಗೆ. ರಿಮ್ ಅಗಲ ಏಳೂವರೆ ಇಂಚು. ಆಫ್‌ಸೆಟ್ 30, ಅಂದರೆ ವ್ಹೀಲ್ ಹಬ್‌ಗೆ ತಾಗುವ ಮುಖ ರಿಮ್‌ನ ನಡುಗೆರೆಗಿಂತ 30 ಮಿಮೀ ಹೊರಕ್ಕಿದೆ. ಬೋರ್ 106.1. ಸ್ಟಡ್ 12 ಮಿಮೀ, ಪಿಚ್, ಅಂದರೆ ಥ್ರೆಡ್‌ಗಳ ನಡುವಿನ ಅಂತರ, ಒಂದೂವರೆ ಮಿಮೀ.

ಮೊದಲ ಆಯ್ಕೆ ಕಂಪನಿಯ ಹೊಸ 18 ಇಂಚಿನ ವ್ಹೀಲ್. ಇದರ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಕೂರುತ್ತದೆ, ತಿರುಗುತ್ತದೆ, ಯಾರೂ ಪ್ರಶ್ನೆ ಕೇಳುವುದಿಲ್ಲ. ಬೆಲೆ ಮಾತ್ರ ಕೈ ಸುಡುತ್ತದೆ. ಒಂದೇ ರಿಮ್ ಹಾಳಾಗಿ, ಟೈರ್‌ಗಳು ಚೆನ್ನಾಗಿದ್ದರೆ ಇದನ್ನೇ ತೆಗೆದುಕೊಳ್ಳಿ, ಬೇರೆ ಯೋಚನೆ ಬೇಡ. ನಾಲ್ಕೂ ಬದಲಿಸುವಾಗ ಇದಕ್ಕೆ ದುಡ್ಡು ಸುರಿಯಲು ನನಗೆ ಮನಸ್ಸಾಗಲಿಲ್ಲ.

ಎರಡನೆಯದು ಫಾರ್ಚುನರ್‌ನಿಂದ ಕಳಚಿದ 17 ಇಂಚಿನ ಅಲಾಯ್. ಹೈಲಕ್ಸ್, ಫಾರ್ಚುನರ್ ಎರಡೂ ಒಂದೇ ಅಡಿಪಾಯದ ಮೇಲೆ ನಿಂತ ಗಾಡಿಗಳು. ಪಿಸಿಡಿ, ಬೋರ್, ನಟ್ ಎಲ್ಲಾ ಒಂದೇ. ಹೊಸ ಫಾರ್ಚುನರ್ ಕೊಂಡವರು ದೊಡ್ಡ ವ್ಹೀಲ್ ಆಸೆಗೆ ಬಿದ್ದು ಹಳೆಯದನ್ನು ಟೈರ್ ಸಮೇತ ಬಿಟ್ಟುಹೋಗುತ್ತಾರೆ. ಇದರ ಟೈರ್ 265/65. ಲೆಕ್ಕ ಹಾಕಿ ನೋಡಿ: 18 ಇಂಚಿನ 265/60 ಟೈರಿನ ಒಟ್ಟು ಎತ್ತರ ಸುಮಾರು 775 ಮಿಮೀ, ಇದರದ್ದು 776. ಒಂದು ಮಿಲಿಮೀಟರ್ ವ್ಯತ್ಯಾಸ! ಸ್ಪೀಡೋಮೀಟರ್‌ಗೆ, ಎಬಿಎಸ್‌ಗೆ ಏನೂ ಗೊತ್ತಾಗುವುದಿಲ್ಲ. ಆದರೆ ಟೈರಿನ ಪಕ್ಕದ ಗೋಡೆ 159ರಿಂದ 172 ಮಿಮೀಗೆ ಏರುತ್ತದೆ. ಗುಂಡಿಗೆ ಬಿದ್ದಾಗ ರಿಮ್‌ಗೂ ಡಾಂಬರಿಗೂ ನಡುವೆ 13 ಮಿಮೀ ಹೆಚ್ಚು ಆಸರೆ. ನನಗೆ ಬೇಕಾಗಿದ್ದದ್ದು ಇದೇ.

ಮೂರನೆಯದು ಆ ಕಪ್ಪು ಅಲಾಯ್, 17x9, ಆಫ್‌ಸೆಟ್ ಸೊನ್ನೆ. ನೋಡಲು ಬಹಳ ಚೆಂದ, ಅದರಲ್ಲಿ ಎರಡು ಮಾತಿಲ್ಲ. ಗಾಡಿ ಅಗಲವಾಗಿ, ಗಟ್ಟಿಯಾಗಿ ನಿಂತ ಹಾಗೆ ಕಾಣುತ್ತದೆ. ಆದರೆ ಲೆಕ್ಕ ನೋಡಿ. ಮೂಲ ರಿಮ್‌ನ ಅಗಲ ಸುಮಾರು 190 ಮಿಮೀ. ಅದರಲ್ಲಿ ಹಬ್‌ನ ಮುಖದಿಂದ ಹೊರಗಿರುವುದು 65, ಒಳಗಿರುವುದು 125. ಈ ಒಂಬತ್ತು ಇಂಚಿನ ರಿಮ್‌ನಲ್ಲಿ ಹೊರಗೆ 114, ಒಳಗೆ 114. ಅಂದರೆ ರಿಮ್ ಅಂಚು ಹೆಚ್ಚುಕಡಿಮೆ ಐದು ಸೆಂಟಿಮೀಟರ್ ಹೊರಗೆ ಬಂತು. ಟೈರಿನ ನಡುಗೆರೆ ಪ್ರತಿ ಕಡೆ ಮೂರು ಸೆಂಟಿಮೀಟರ್ ಹೊರಗೆ ಹೋಯಿತು.

ಇದನ್ನು ಹಾಕಿಕೊಂಡು ಚಾಂದನಿ ಚೌಕ್‌ನಿಂದ ಭೂಗಾಂವ್, ಪಿರಂಗುಟ್, ಪೌಡ್ ದಾಟಿ ತಾಮ್ಹಿಣಿ ಘಾಟ್‌ವರೆಗೆ ಹೋದೆ. ನಯವಾದ ರಸ್ತೆಯಲ್ಲಿ ಸುಖವಾಗೇ ಇತ್ತು. ಒಂದು ಕಡೆಯ ಚಕ್ರ ಮಾತ್ರ ಒಡೆದ ಅಂಚಿಗೆ ಇಳಿದಾಗ ಸ್ಟೀರಿಂಗ್ ಕೈಯಿಂದ ಕಸಿದುಕೊಂಡ ಹಾಗೆ ಎಳೆಯಿತು. ತಿರುವಿನಲ್ಲಿ ಬ್ರೇಕ್ ಒತ್ತಿದರೂ ಅದೇ. ಕಾರಣ ಸರಳ. ಚಕ್ರ ನೆಲ ಮುಟ್ಟುವ ಜಾಗ ಸ್ಟೀರಿಂಗ್ ತಿರುಗುವ ಅಕ್ಷದಿಂದ ದೂರ ಸರಿಯಿತು, ಹಾಗಾಗಿ ರಸ್ತೆಯ ಪ್ರತಿ ಏಟೂ ಹೆಚ್ಚು ಸನ್ನೆಬಲದಿಂದ ಕೈಗೆ ಬರುತ್ತದೆ. ಅದೇ ಬಲ ವ್ಹೀಲ್ ಬೇರಿಂಗ್ ಮೇಲೂ ಬೀಳುತ್ತದೆ, ನಮಗೆ ತಕ್ಷಣ ಕಾಣುವುದಿಲ್ಲ ಅಷ್ಟೆ. ಪೂರ್ತಿ ಸ್ಟೀರಿಂಗ್ ತಿರುಗಿಸಿ ರಿವರ್ಸ್ ತೆಗೆದಾಗ ಟೈರಿನ ಅಂಚು ಮಡ್‌ಫ್ಲ್ಯಾಪ್ ಕಡೆಯ ಪ್ಲಾಸ್ಟಿಕ್‌ಗೆ ಉಜ್ಜಿತು. ಮನೆಗೆ ಬಂದು ನೋಡಿದರೆ ಎರಡೂ ಬದಿಯ ಬಾಗಿಲಿಗೆ ಹಿಡಿಕೆಯವರೆಗೂ ಕೆಸರು. ಮಡ್‌ಗಾರ್ಡ್‌ನಿಂದ ಹೊರಗೆ ಚಾಚಿದ ಟೈರ್ ಬೈಕಿನವರ ಮುಖಕ್ಕೂ ಹಾಗೇ ಎರಚುತ್ತದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಯಾರಕರ ಅಳತೆಗೆ ಹೊಂದದ ಮಾರ್ಪಾಡನ್ನು ಒಪ್ಪುವುದಿಲ್ಲ ಅನ್ನುವುದೂ ನೆನಪಿರಲಿ. ಕ್ಲೇಮ್ ಸಮಯದಲ್ಲಿ ಇನ್ಶೂರೆನ್ಸ್‌ನವರು ಕೇಳಬಹುದಾದ ಮೊದಲ ಪ್ರಶ್ನೆಯೂ ಅದೇ. ನನ್ನ ಮಟ್ಟಿಗೆ ಈ ಸೆಟ್ ಅಲ್ಲಿಗೇ ಮುಗಿಯಿತು.

ನಾಲ್ಕನೆಯದು ಕೂಡ ಹೊರಗಿನ ಕಂಪನಿಯದೇ, ಆದರೆ ಬುದ್ಧಿವಂತಿಕೆಯ ಅಳತೆ: 17x8, ಆಫ್‌ಸೆಟ್ 20. ಹೊರಗೆ 16 ಮಿಮೀ ಬರುತ್ತದೆ, ಒಳಗೆ ಮೂರ್ನಾಲ್ಕು ಮಿಮೀ ಜಾಗ ಉಳಿಯುತ್ತದೆ. ಟೈರ್ ಮಡ್‌ಗಾರ್ಡ್ ಒಳಗೇ ಇರುತ್ತದೆ. ಎಲ್ಲಿಯೂ ಉಜ್ಜಲಿಲ್ಲ. ಸ್ಟೀರಿಂಗ್ ಸ್ವಲ್ಪ ಭಾರ ಅನ್ನಿಸಿತು, ಅಷ್ಟೆ. ಇದರ ಬೋರ್ 110. ಬೇರೆ ಬೇರೆ ಗಾಡಿಗೆ ಬರಲಿ ಅಂತ ಹೊರಗಿನವರು ದೊಡ್ಡದಾಗಿಯೇ ಕೊರೆದಿರುತ್ತಾರೆ. ಹಾಗಾಗಿ 110ರಿಂದ 106.1ಕ್ಕೆ ಇಳಿಸುವ ರಿಂಗ್ ಬೇಕು. ರಿಂಗ್ ಇಲ್ಲದೆ ಹಾಕಿದಾಗ ಬೈಪಾಸ್‌ನಲ್ಲಿ ತೊಂಬತ್ತು ದಾಟಿದ ಕೂಡಲೇ ಸ್ಟೀರಿಂಗ್‌ನಲ್ಲಿ ಸಣ್ಣ ನಡುಕ. ಬ್ಯಾಲೆನ್ಸಿಂಗ್ ಮತ್ತೆ ಮಾಡಿಸಿದರೂ ಹೋಗಲಿಲ್ಲ. ರಿಂಗ್ ಕೂರಿಸಿ, ಗಾಡಿ ಜ್ಯಾಕ್ ಮೇಲಿದ್ದಾಗಲೇ ನಟ್‌ಗಳನ್ನು ಎದುರುಬದುರು ಕ್ರಮದಲ್ಲಿ ಬಿಗಿಸಿದ ಮೇಲೆ ನಿಂತುಹೋಯಿತು. ರಿಂಗ್ ಭಾರ ಹೊರುವುದಿಲ್ಲ, ಬಿಗಿಸುವಾಗ ವ್ಹೀಲನ್ನು ನಡುವಿಗೆ ತರುತ್ತದೆ. ಭಾರವನ್ನೆಲ್ಲ ಹಿಡಿಯುವುದು ನಟ್ ಒತ್ತಿ ಹಿಡಿದ ಮುಖಗಳ ಘರ್ಷಣೆ. ಪ್ಲಾಸ್ಟಿಕ್ ರಿಂಗೂ ಸಿಗುತ್ತದೆ. ಘಾಟ್ ಇಳಿಯುವಾಗ ಬ್ರೇಕ್ ಬಿಸಿ ಹಬ್‌ಗೆ ಏರುವುದರಿಂದ ನಾನು ಅಲ್ಯೂಮಿನಿಯಂ ರಿಂಗನ್ನೇ ಹೇಳುತ್ತೇನೆ.

ನಡುವೆ ಮುಂಬೈಗೂ ಹೋಗಿ ಬಂದೆ. ಕುರ್ಲಾದ ಸಿಎಸ್‌ಟಿ ರಸ್ತೆಯಲ್ಲಿ ಹಳೆಯ ಗಾಡಿಗಳ ಬಿಡಿಭಾಗದ ರಾಶಿಯೇ ಇದೆ. ಅಲ್ಲಿ ಫೋರ್ಡ್ ಎಂಡೆವರ್‌ನ ಸೆಟ್ ಒಂದು ಕಡಿಮೆ ಬೆಲೆಗೆ ಸಿಕ್ಕುವಂತಿತ್ತು. ಪಿಸಿಡಿ ಅದೇ 6x139.7. ಆದರೆ ಬೋರ್ 93.1, ಆಫ್‌ಸೆಟ್ 55. ಹೈಲಕ್ಸ್ ಹಬ್ ಅದರೊಳಗೆ ಹೋಗಲು 13 ಮಿಮೀ ಕೊರೆಯಬೇಕು. "ಲೇತ್‌ಗೆ ಹಾಕಿ ಕೊರೆಸಿಕೊಡ್ತೀನಿ" ಅಂದರು. ಭಾರ ಹೊರುವ ವ್ಹೀಲ್‌ನ ನಡುಭಾಗವನ್ನು ಹೀಗೆ ಕೊರೆಸುವುದು ಬೇಡವೇ ಬೇಡ. ಕೊರೆದರೂ ಆಫ್‌ಸೆಟ್ 55 ಅಂದರೆ ವ್ಹೀಲ್ 25 ಮಿಮೀ ಒಳಗೆ ಸರಿದು ಸಸ್ಪೆನ್ಷನ್ ಕಡೆ ಹೋಗಿ ನಿಲ್ಲುತ್ತದೆ. ಅದನ್ನು ಹೊರಗೆ ತರಲು ಹಬ್‌ಗೂ ವ್ಹೀಲ್‌ಗೂ ನಡುವೆ ಸ್ಪೇಸರ್ ಅನ್ನುವ ಬಿಲ್ಲೆ. ಒಂದು ತಪ್ಪು ಅಳತೆ ಮುಚ್ಚಲು ಇನ್ನೊಂದು.

ಹಳೆಯ ವ್ಹೀಲ್ ಕೊಳ್ಳುವಾಗ ಕಣ್ಣಿಗಿಂತ ಬೆರಳು ಚುರುಕು. ಒಳಅಂಚಿನ ಮೇಲೆ ಬೆರಳಿಟ್ಟು ಸುತ್ತಲೂ ಎಳೆಯಿರಿ. ನನಗೆ ತೋರಿಸಿದ ಒಂದು ಫಾರ್ಚುನರ್ ರಿಮ್‌ನಲ್ಲಿ ಒಂದು ಗೇಣಿನಷ್ಟು ಜಾಗದಲ್ಲಿ ಬಣ್ಣ ಬೇರೆ ಕಡೆಗಿಂತ ನುಣುಪಾಗಿತ್ತು. ಮಾರುವವರು ರಿಪೇರಿ ಆಗಿಲ್ಲ ಅಂತಲೇ ಹೇಳಿದರು. ಟೈರ್ ಇಲ್ಲದೆ ಬ್ಯಾಲೆನ್ಸಿಂಗ್ ಮೆಷಿನ್ ಮೇಲೆ ತಿರುಗಿಸಿದಾಗ ಅಂಚು ಕುಣಿಯಿತು. ಉಗುರಿನಿಂದ ಕೆರೆದರೆ ಬಣ್ಣದಡಿ ವೆಲ್ಡಿಂಗ್ ಗೆರೆ. ಬಿರುಕು ಬಿಟ್ಟ ಅಲಾಯನ್ನು ಬೆಸೆದು ಮತ್ತೆ ಘಾಟ್ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ, ಎಷ್ಟೇ ಅಗ್ಗವಾಗಲಿ. ಜೊತೆಗೆ ಟೈರ್ ಬಂದರೆ ಅದರ ಗೋಡೆಯ ಮೇಲಿನ ನಾಲ್ಕು ಅಂಕಿ ಓದಿ. 2323 ಅಂದರೆ 2023ರ 23ನೇ ವಾರ ತಯಾರಾದದ್ದು.

ಭಾರದ ಮಾತು. ಪಿಕಪ್ ಅಂದ ಮೇಲೆ ಹಿಂದೆ ಗೊಬ್ಬರದ ಚೀಲ, ಪೈಪು, ಕಲ್ಲು ಏನಾದರೂ ಇದ್ದೇ ಇರುತ್ತದೆ. ಹಿಂದಿನ ಆ್ಯಕ್ಸಲ್‌ಗೆ ತಯಾರಕರು ಹೇಳಿದ ಗರಿಷ್ಠ ತೂಕವನ್ನು ಎರಡರಿಂದ ಭಾಗಿಸಿ. ವ್ಹೀಲ್‌ನ ಹಿಂದೆ ಬರೆದ ಭಾರ ಅದಕ್ಕಿಂತ ಚೆನ್ನಾಗಿ ಮೇಲಿರಬೇಕು. ಟೈರಿನ ಲೋಡ್ ಇಂಡೆಕ್ಸ್ ಕೂಡ ಹಾಗೇ: 110 ಅಂದರೆ 1060 ಕಿಲೋ, 112 ಅಂದರೆ 1120. ಏನೂ ಬರೆಯದ ವ್ಹೀಲನ್ನು ನಾನು ಮುಟ್ಟುವುದಿಲ್ಲ. ಐಎಸ್ಐ ಗುರುತು ಹುಡುಕಿ. ಹೊರಗಿನಿಂದ ಬಂದದ್ದಾದರೆ ಜೆಡಬ್ಲ್ಯೂಎಲ್ ಗುರುತು, ಅದು ಜಪಾನಿನ ಮಾನದಂಡ. ಲಾರಿ, ಬಸ್ಸಿನ ವ್ಹೀಲ್‌ಗೆ ಅದರ ಕೊನೆಯಲ್ಲಿ 'ಟಿ' ಸೇರುತ್ತದೆ. ನಮ್ಮ ಪುಣೆಯ ವೇತಾಳ ಟೇಕಡಿ (ಗುಡ್ಡ) ಮೇಲೆ 1966ರಲ್ಲಿ ಶುರುವಾದ ಎಆರ್‌ಎಐ, ಅಂದರೆ ಆಟೋಮೋಟಿವ್ ರಿಸರ್ಚ್ ಅಸೋಸಿಯೇಷನ್ ಆಫ್ ಇಂಡಿಯಾ, ಸಂಸ್ಥೆಯಿದೆ. ದೇಶದ ಗಾಡಿಗಳನ್ನೂ ಬಿಡಿಭಾಗಗಳನ್ನೂ ಅಲ್ಲಿ ಪರೀಕ್ಷಿಸುತ್ತಾರೆ. ಅದೇ ಟೇಕಡಿಯ ಕೆಳಗಿನ ಊರಿನಲ್ಲಿ ಕುಳಿತು ಗುರುತಿಲ್ಲದ ವ್ಹೀಲ್ ಕೊಳ್ಳುವುದು ಯಾಕೆ, ಅಲ್ವಾ?

ಬೊಲೆರೊ ಪಿಕಪ್ ಇಟ್ಟವರಿಗೂ ಒಂದು ಮಾತು. ಅದರದ್ದು ಐದು ಸ್ಟಡ್, ಅದೇ 139.7 ವೃತ್ತ. ಜಿಪ್ಸಿ, ಜಿಮ್ನಿಯದೂ ಹಾಗೇ. ಹಾಗಂತ ಆ ಹಗುರ ಗಾಡಿಗಳ ಅಲಾಯ್ ತಂದು ಒಂದು ಟನ್‌ಗಿಂತ ಜಾಸ್ತಿ ಹೊರುವ ಗಾಡಿಗೆ ಹಾಕಬೇಡಿ. ಅದಕ್ಕೆ ಕಂಪನಿಯ ಉಕ್ಕಿನ ಡಿಸ್ಕೇ ಸರಿ.

ಹೊರಗಿನ ವ್ಹೀಲ್ ಹಾಕಿಸುವವರು ಕೊನೆಯ ಗಳಿಗೆಯಲ್ಲಿ ಮರೆಯುವುದು ನಟ್. ಟೊಯೊಟಾದ ಮೂಲ ಅಲಾಯ್‌ಗೆ ಬರುವ ನಟ್‌ಗೆ ಉದ್ದನೆಯ ಕುತ್ತಿಗೆ, ಕೆಳಗೆ ಚಪ್ಪಟೆ ವಾಷರ್. ಹೊರಗಿನ ಅಲಾಯ್‌ಗಳಲ್ಲಿ ನಟ್ ಕೂರುವ ತೂತು ಸಾಮಾನ್ಯವಾಗಿ 60 ಡಿಗ್ರಿ ಇಳಿಜಾರು. ಹಳೆಯ ನಟ್ಟನ್ನು ಅದರಲ್ಲಿ ಬಿಗಿಸಿದರೆ ಬಿಗಿಯಾದ ಹಾಗೆ ಅನ್ನಿಸುತ್ತದೆ, ಆದರೆ ಇಳಿಜಾರಿಗೆ ಸರಿಯಾಗಿ ಒತ್ತುವುದಿಲ್ಲ. ಓಡಾಟದಲ್ಲಿ ಸಡಿಲವಾಗುತ್ತದೆ. ಇಪ್ಪತ್ತನಾಲ್ಕು ಹೊಸ ನಟ್ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಸ್ಪೇರ್ ವ್ಹೀಲ್ ಹಳೆಯ ಅಲಾಯ್ ಆಗಿಯೇ ಉಳಿಯುವುದಾದರೆ ಆರು ಹಳೆಯ ನಟ್ ಪಾನಾ ಜೊತೆ ಇಟ್ಟಿರಿ. ರಾತ್ರಿ ಖಂಬಾಟ್ಕಿ ಘಾಟ್‌ನಲ್ಲಿ ಪಂಕ್ಚರ್ ಆದರೆ ಆ ಆರು ನಟ್ ಇಲ್ಲದೆ ಸ್ಪೇರ್ ಇದ್ದೂ ಇಲ್ಲದ ಹಾಗೆ.

ಕೊನೆಗೆ ನಾನು ಇಟ್ಟುಕೊಂಡದ್ದು ಎರಡನೆಯ ಸೆಟ್, ಫಾರ್ಚುನರ್‌ನ 17 ಇಂಚು. ರಿಂಗ್ ಬೇಡ, ಹೊಸ ನಟ್ ಬೇಡ, ಆಫ್‌ಸೆಟ್ ಚಿಂತೆ ಇಲ್ಲ, ಗುಂಡಿಗೆ ರಬ್ಬರ್ ಜಾಸ್ತಿ. ಗಾಡಿ ಸ್ವಲ್ಪ ಅಗಲವಾಗಿ ಕಾಣಲೇಬೇಕು ಅನ್ನುವವರಿಗೆ 17x8, ಆಫ್‌ಸೆಟ್ 20 ಹೇಳುತ್ತೇನೆ, ರಿಂಗ್ ಮತ್ತು ನಟ್ ಸಮೇತ. ನನ್ನ ಸ್ಪೇರ್ ಈಗಲೂ ಹಳೆಯ 18 ಇಂಚಿನದೇ. ಎತ್ತರ ಒಂದೇ ಆದ್ದರಿಂದ ಫೋರ್ ವ್ಹೀಲ್ ಡ್ರೈವ್‌ನಲ್ಲೂ ಗೇರ್‌ಗಳಿಗೆ ಜಗ್ಗಾಟ ಇಲ್ಲ. ಹಾಕಿಸಿ ನೂರು ಕಿಲೋಮೀಟರ್ ಓಡುವ ಮೊದಲೇ ಎಲ್ಲಾ ನಟ್‌ಗಳನ್ನು ಟಾರ್ಕ್ ಪಾನಾದಿಂದ ಮ್ಯಾನುಯಲ್‌ನಲ್ಲಿ ಹೇಳಿದ ಅಳತೆಗೆ ಮತ್ತೊಮ್ಮೆ ಬಿಗಿಸಿದೆ. ಎರಡು ನಟ್ ಅರ್ಧ ಸುತ್ತು ತಿರುಗಿದವು.